ಸಂಧಿದ್ರವವು ಸಾಕ್ಷಿಯೋ ಕರ್ತೃವೋ? ರೂಮಟಾಯ್ಡ್ ಸಂಧಿವಾತದ ಸಂಶೋಧನೆಯ ಇತಿಹಾಸದಿಂದ ಒಂದು ಅಧ್ಯಾಯ

ರೂಮಟಾಯ್ಡ್ ಸಂಧಿವಾತದಿಂದ ಊದಿಕೊಂಡ ಮೊಣಕಾಲಿಗೆ ಸೂಜಿ ಚುಚ್ಚಿ ತೆಗೆದ ದ್ರವವನ್ನು ಗಾಜಿನ ನಳಿಕೆಯೊಂದರಲ್ಲಿ ತುಂಬಿ, ಅದರ ಹಿಂದೆ ಮುದ್ರಿತವಾದ ಹಾಳೆಯೊಂದನ್ನು ಹಿಡಿದರೆ ಅಕ್ಷರಗಳು ಮಸುಕಾಗಿ ಕಾಣುತ್ತವೆ. ರೋಗವು ಉಲ್ಬಣಿಸಿದ್ದಲ್ಲಿ ಕಾಣುವುದೇ ಇಲ್ಲ. ಆರೋಗ್ಯವಂತರ ಕೀಲಿನ ದ್ರವವಾದರೆ ಅದರ ಮೂಲಕ ಓದಲು ಯಾವ ಅಡ್ಡಿಯೂ ಇರದು. ಆರೋಗ್ಯದ ಮೊಣಕಾಲಿನಲ್ಲಿ ಈ ದ್ರವವಿರುವುದೇ ಮೂರು ನಾಲ್ಕು ಮಿಲಿಲೀಟರುಗಳೊಳಗೆ. ಅದರ ಒಂದು ಘನ ಮಿಲಿಮೀಟರಿನಲ್ಲಿ ೨೦೦ಕ್ಕಿಂತ ಕಡಮೆ ಬಿಳಿಯ ಕಣಗಳಿರುತ್ತವೆ. ರೋಗಗ್ರಸ್ತವಾದ ಕೀಲಿನಲ್ಲಾದರೋ ದ್ರವದ ಪ್ರಮಾಣ ಹತ್ತಾರು ಮಿಲಿಲೀಟರುಗಳಿಗೆ ಏರುತ್ತದೆ. ಕಣಗಳ ಸಂಖ್ಯೆ ಘನ ಮಿಲಿಮೀಟರಿಗೆ ೨,೦೦೦ದಿಂದ ೫೦,೦೦೦ದವರೆಗೂ ಹೋಗುತ್ತದೆ. ಅವುಗಳಲ್ಲಿ ಅರ್ಧಕ್ಕೂ ಮಿಕ್ಕಿದವು ನ್ಯೂಟ್ರೋಫಿಲ್ ಎಂಬ ಭಕ್ಷಕ ಕಣಗಳು. ದೇಹದ ರಕ್ಷಣೆಗೆಂದು ಇರುವ ಪಡೆಯು ಹೀಗೆ ಶತ್ರುವಿಲ್ಲದ ಬಯಲಿನಲ್ಲಿ ಬಂದು ನೆರೆಯುವುದೇ ಒಂದು ಸೋಜಿಗ. ಅದಕ್ಕಿಂತಲೂ ದೊಡ್ಡ ಸೋಜಿಗವೊಂದುಂಟು. ಇಷ್ಟೊಂದು ಭಕ್ಷಕ ಕಣಗಳು ತುಂಬಿರುವ ಈ ಕೀಲುಗಳೇ ಬ್ಯಾಕ್ಟೀರಿಯಗಳ ಸೋಂಕಿಗೆ ಇತರರ ಕೀಲುಗಳಿಗಿಂತ ಸುಲಭವಾಗಿ ತುತ್ತಾಗುತ್ತವೆ. ಪಡೆ ಇದೆ, ಕಾವಲಿಲ್ಲ.

ಈ ವಿರೋಧಾಭಾಸಕ್ಕೆ ಕಾರಣವನ್ನು ಕಣಗಳಲ್ಲಿ ಹುಡುಕಬೇಕೋ, ಅವು ಮುಳುಗಿರುವ ದ್ರವದಲ್ಲಿ ಹುಡುಕಬೇಕೋ? ರೂಮಟಾಯ್ಡ್ ಸಂಧಿವಾತದ ಸಂಶೋಧನೆಯ ಇತಿಹಾಸವನ್ನು ಸಾಮಾನ್ಯವಾಗಿ ಮೂರು ಘಟ್ಟಗಳಾಗಿ ಹೇಳುವ ರೂಢಿಯಿದೆ: ಮೊದಲು ಪ್ರತಿಕಾಯಗಳ ಕಾಲ, ಅನಂತರ ಟಿ-ಲಿಂಫೋಸೈಟುಗಳ ಕಾಲ, ಕೊನೆಗೆ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನುಗಳ ಕಾಲ. ಈ ಕ್ರಮವು ಪಾಠ ಹೇಳುವುದಕ್ಕೆ ಅನುಕೂಲವಾದುದೇ ಸರಿ. ಆದರೆ ಸಂಧಿದ್ರವದ ಕಡೆಯಿಂದ ನೋಡಿದಲ್ಲಿ ಕತೆಯ ಆಕಾರವೇ ಬೇರೆಯಾಗುತ್ತದೆ. ಒಂದೇ ದ್ರವವು ರಕ್ಷಕ ಕಣಗಳನ್ನು ಕೆರಳಿಸುವುದನ್ನೂ ಅವುಗಳನ್ನು ಮಂಕುಗೊಳಿಸುವುದನ್ನೂ ಸಂಶೋಧಕರು ಮತ್ತೆ ಮತ್ತೆ ಕಂಡರು. ಕಂಡುದರಲ್ಲಿ ಅರ್ಧವನ್ನು ಹಿಡಿದು ಅರ್ಧವನ್ನು ಬದಿಗಿರಿಸಿದರು. ಪ್ರಕೃತ ಲೇಖನದಲ್ಲಿ ನಾವು ಹೇಳಹೊರಟಿರುವುದು ಈ ಬದಿಗಿರಿಸಿದ ಅರ್ಧದ ಸಂಗತಿಯನ್ನು ಮುಖ್ಯವಾಗಿ.

ಈ ದ್ರವಕ್ಕೆ ಪಾಶ್ಚಾತ್ಯ ವೈದ್ಯದಲ್ಲಿ ‘ಸೈನೋವಿಯಾ’ ಎಂಬ ಹೆಸರನ್ನಿತ್ತವನು ಹದಿನಾರನೆಯ ಶತಮಾನದ ಪ್ಯಾರಸೆಲ್ಸಸ್ ಎಂದು ಹೇಳುತ್ತಾರೆ. ಮೊಟ್ಟೆಯ ಬಿಳಿಯ ಲೋಳೆಯನ್ನು ಹೋಲುತ್ತದೆಂಬುದು ಆ ಹೆಸರಿನ ಹಿಂದಿನ ಭಾವವೆಂದು ಬಹುಮಂದಿಯ ಊಹೆ. ೧೬೯೧ರಲ್ಲಿ ಇಂಗ್ಲೆಂಡಿನ ಕ್ಲಾಪ್ಟನ್ ಹ್ಯಾವರ್ಸ್ ಎಂಬ ವೈದ್ಯನು ಮೂಳೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಕೀಲುಗಳೊಳಗಿನ ಲೋಳೆಯ ಗ್ರಂಥಿಗಳನ್ನು ವರ್ಣಿಸಿದನು. ನಮ್ಮ ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ಸಂಧಿಗಳನ್ನು ಕೂಡಿಸಿ ಹಿಡಿಯುವ ಶ್ಲೇಷಕವೆಂಬ ಕಫಭೇದವನ್ನು ಹೇಳಿರುವುದು ಆಯುರ್ವೇದವನ್ನು ಬಲ್ಲವರಿಗೆ ವಿದಿತವೇ ಇದೆ. ಇವೆರಡೂ ಒಂದೇ ಎಂದು ಸಾಧಿಸಹೊರಡುವುದು ನಮ್ಮ ಉದ್ದೇಶವಲ್ಲ. ಅಂತಹ ಸಮೀಕರಣಗಳಿಂದ ಎರಡು ಶಾಸ್ತ್ರಗಳಿಗೂ ಲಾಭವಾದುದನ್ನು ನಾವು ಕಂಡಿಲ್ಲ. ಕೀಲು ಸಲೀಸಾಗಿ ಆಡಬೇಕಾದರೆ ಅಲ್ಲಿ ಜಿಡ್ಡಾದ ಪದಾರ್ಥವೊಂದು ಬೇಕೆಂಬ ಗ್ರಹಿಕೆಯು ಉಭಯತ್ರ ಇದ್ದಿತೆಂಬುದಿಷ್ಟೇ ಇಲ್ಲಿ ಹೇಳತಕ್ಕ ಮಾತು. ದ್ರವವೆಂದರೆ ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಎಂಬ ಈ ಭಾವನೆಯೇ ಬಹುಕಾಲ ನಿಂತಿತು.

ರೋಗದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ೧೮೦೦ರಲ್ಲಿ ಪ್ಯಾರಿಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಲಾಂದ್ರೆ-ಬೋವೆ ತನ್ನ ಪ್ರಬಂಧದಲ್ಲಿ ಅದನ್ನು ಗೌಟ್ ರೋಗದ ಒಂದು ಪ್ರಭೇದವೆಂದು ವರ್ಣಿಸಿದನು. ೧೮೫೯ರಲ್ಲಿ ಲಂಡನ್ನಿನ ಆಲ್‌ಫ್ರೆಡ್ ಗ್ಯಾರಡ್ ಅದನ್ನು ಗೌಟಿನಿಂದ ಬೇರ್ಪಡಿಸಿ ಇಂದಿಗೂ ನಿಂತಿರುವ ಹೆಸರನ್ನು ಕೊಟ್ಟನು.

ದ್ರವವು ರಸಾಯನಶಾಸ್ತ್ರದ ವಿಷಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ೧೯೩೪ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನೊಳಗಣ ಲೋಳೆಯಿಂದ ಹಯಲುರಾನಿಕ್ ಆಮ್ಲವೆಂಬ ನೀಳಸರಪಳಿಯ ಸಕ್ಕರೆ ಪದಾರ್ಥವನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅದು ಸಂಧಿದ್ರವದಲ್ಲಿಯೂ ಇರುವುದು ತಿಳಿದುಬಂದು, ದ್ರವವು ನೂಲಿನಂತೆ ಎಳೆಯೆಳೆಯಾಗಿ ಇಳಿಯುವ ಗುಣಕ್ಕೆ ಕಾರಣ ದೊರೆತಂತಾಯಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮೇರಿಯನ್ ರೋಪ್ಸ್ ಮತ್ತು ವಾಲ್ಟರ್ ಬಾವರ್ ವರ್ಷಾನುವರ್ಷ ಕಲೆಹಾಕಿದ ಪರೀಕ್ಷೆಗಳನ್ನು ೧೯೫೩ರಲ್ಲಿ ಗ್ರಂಥರೂಪವಾಗಿ ಹೊರತಂದರು. ಕಣಗಳೆಷ್ಟು, ಸಕ್ಕರೆಯೆಷ್ಟು, ಪ್ರೋಟೀನೆಷ್ಟು, ಅಸಿಟಿಕ್ ಆಮ್ಲವನ್ನು ಬೆರೆಸಿದಾಗ ಲೋಳೆಯು ಗಟ್ಟಿಯಾದ ಮುದ್ದೆಯಾಗುವುದೋ ಚೂರುಚೂರಾಗಿ ಒಡೆಯುವುದೋ ಎಂಬಿವೇ ಆಗ ಕೇಳುತ್ತಿದ್ದ ಪ್ರಶ್ನೆಗಳು. ಆರೋಗ್ಯದ ದ್ರವವು ಹೊರತೆಗೆದಿಟ್ಟರೆ ಹೆಪ್ಪುಗಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ಫೈಬ್ರಿನೋಜನ್ ಇಲ್ಲ. ರೋಗದ ದ್ರವವಾದರೋ ಹೆಪ್ಪುಗಟ್ಟುತ್ತದೆ, ಏಕೆಂದರೆ ರಕ್ತದ ಪ್ರೋಟೀನುಗಳು ಸೋರಿ ಅದರೊಳಕ್ಕೆ ಬಂದಿರುತ್ತವೆ. ಇವೆಲ್ಲ ರೋಗನಿರ್ಣಯಕ್ಕೆ ನೆರವಾಗುವ ಲಕ್ಷಣಗಳು. ದ್ರವವಿಲ್ಲಿ ಸಾಕ್ಷಿಯ ಕಟಕಟೆಯಲ್ಲಿ ನಿಂತಿದೆ. ಅಪರಾಧದಲ್ಲಿ ಅದಕ್ಕೂ ಪಾಲುಂಟೇ ಎಂದು ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆ ಹುಟ್ಟಿದುದು ರಕ್ತದ ಕಡೆಯಿಂದ. ೧೯೪೦ರಲ್ಲಿ ನಾರ್ವೆಯ ಎರಿಕ್ ವಾಲರ್, ಪ್ರತಿಕಾಯವನ್ನು ಲೇಪಿಸಿದ ಕುರಿಯ ರಕ್ತಕಣಗಳು ಕೆಲವು ಸಂಧಿವಾತದ ರೋಗಿಗಳ ಸೀರಮ್ಮಿನಲ್ಲಿ ಗುಂಪುಗಟ್ಟುವುದನ್ನು ಕಂಡನು. ಯುದ್ಧದ ಗದ್ದಲದಲ್ಲಿ ಅದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ೧೯೪೮ರಲ್ಲಿ ನ್ಯೂಯಾರ್ಕಿನ ಹ್ಯಾರಿ ರೋಸ್ ಮತ್ತು ಸಂಗಡಿಗರು ಸ್ವತಂತ್ರವಾಗಿ ಅದನ್ನೇ ಕಂಡ ಮೇಲೆ ‘ರೂಮಟಾಯ್ಡ್ ಫ್ಯಾಕ್ಟರ್’ ಎಂಬುದು ಪ್ರಸಿದ್ಧವಾಯಿತು. ಅದು ದೇಹದ ಸ್ವಂತ ಪ್ರತಿಕಾಯವಾದ ಐಜಿಜಿಯ ಮೇಲೆಯೇ ಎರಗುವ ಮತ್ತೊಂದು ಪ್ರತಿಕಾಯವೆಂಬುದು ಅನಂತರ ಇತ್ಯರ್ಥವಾಯಿತು. ಹಾಗಾದರೆ ಈ ಎರಡು ಪ್ರತಿಕಾಯಗಳು ಕೂಡಿ ಆಗುವ ಗಂಟುಗಳು ಕೀಲಿನಲ್ಲಿ ಏನು ಮಾಡುತ್ತವೆ?

ಇದಕ್ಕೆ ಉತ್ತರ ದೊರೆಯಲು ಒಂದು ಚಿಕಿತ್ಸಾಕ್ರಮವು ಪರೋಕ್ಷವಾಗಿ ಕಾರಣವಾಯಿತೆಂದು ನಮಗೆ ತೋರುತ್ತದೆ. ೧೯೪೮ರಲ್ಲಿ ಮೇಯೊ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಕಾರ್ಟಿಸೋನನ್ನು ಈ ರೋಗದಲ್ಲಿ ಪ್ರಯೋಗಿಸಿ ನೋಡಿದ ಬಳಿಕ, ೧೯೫೧ರಲ್ಲಿ ಫಿಲಡೆಲ್ಫಿಯದ ಜೋಸೆಫ್ ಹಾಲಂಡರ್ ಹೈಡ್ರೊಕಾರ್ಟಿಸೋನನ್ನು ನೇರವಾಗಿ ಕೀಲಿನೊಳಕ್ಕೇ ಚುಚ್ಚುವ ಪದ್ಧತಿಯನ್ನು ಪ್ರಕಟಿಸಿದನು. ಔಷಧವನ್ನು ಒಳಕ್ಕೆ ಬಿಡುವ ಮುನ್ನ ತುಂಬಿಕೊಂಡ ದ್ರವವನ್ನು ಹೊರತೆಗೆಯಬೇಕು. ಹೀಗೆ ಹಾಲಂಡರನ ಚಿಕಿತ್ಸಾಲಯಕ್ಕೆ ಸಂಧಿದ್ರವವು ದಿನನಿತ್ಯದ ಪದಾರ್ಥವಾಯಿತು. ೧೯೬೧ರಲ್ಲಿ ಡೇನಿಯಲ್ ಮೆಕಾರ್ಟಿಯೂ ಹಾಲಂಡರನೂ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಗೌಟ್ ರೋಗಿಗಳ ಸಂಧಿದ್ರವದ ಯೂರೇಟ್ ಹರಳುಗಳನ್ನು ಗುರುತಿಸಿದುದು ಈ ಅನುಕೂಲದ ಮೊದಲ ಫಲ. ಬಿಳಿಯ ಕಣವು ಹರಳನ್ನು ನುಂಗಿ ಕೆರಳುತ್ತದೆಂಬ ಚಿತ್ರವು ಕಣ್ಣಿಗೆ ಕಟ್ಟಿದ ಮೇಲೆ, ರೂಮಟಾಯ್ಡ್ ರೋಗದಲ್ಲಿ ಅದು ನುಂಗುವುದೇನನ್ನು ಎಂಬ ಪ್ರಶ್ನೆ ಏಳುವುದು ಸಹಜವಷ್ಟೆ.

೧೯೬೫ರಲ್ಲಿ ಹಾಲಂಡರ್ ಮತ್ತು ಸಂಗಡಿಗರು ಸಂಧಿದ್ರವದ ನ್ಯೂಟ್ರೋಫಿಲ್‌ಗಳೊಳಗೆ ಕಪ್ಪು ಕಣಿಕೆಗಳನ್ನು ಕಂಡು ಅಂತಹ ಕಣವನ್ನು ‘ಆರ್. ಎ. ಕಣ’ವೆಂದು ಕರೆದರು. ಕಣಿಕೆಗಳಲ್ಲಿ ಐಜಿಜಿಯೂ ರೂಮಟಾಯ್ಡ್ ಫ್ಯಾಕ್ಟರೂ ಇರುವುದನ್ನು ತೋರಿಸಿದರು. ಅವರ ಸಿದ್ಧಾಂತ ಹೀಗಿತ್ತು: ಪ್ರತಿಕಾಯಗಳ ಗಂಟುಗಳನ್ನು ನ್ಯೂಟ್ರೋಫಿಲ್ ನುಂಗುತ್ತದೆ, ನುಂಗುವಾಗ ತನ್ನ ಲೈಸೊಸೋಮುಗಳ ಕಿಣ್ವಗಳನ್ನು ಹೊರಚೆಲ್ಲುತ್ತದೆ, ಆ ಕಿಣ್ವಗಳು ಮೃದ್ವಸ್ಥಿಯನ್ನು ತಿನ್ನುತ್ತವೆ. ಇದನ್ನು ಪರೀಕ್ಷಿಸಲು ಅವರು ರೋಗಿಗಳ ರಕ್ತದಿಂದಲೇ ಬೇರ್ಪಡಿಸಿದ ಐಜಿಜಿಯನ್ನು ಅವರವರದೇ ಶಾಂತವಾಗಿದ್ದ ಕೀಲುಗಳಿಗೆ ಚುಚ್ಚಿ ಉರಿಯೂತವನ್ನು ಉಂಟುಮಾಡಿದರು. ನೊಂದ ಮನುಷ್ಯನ ನೋವಿಲ್ಲದ ಕೀಲಿನಲ್ಲಿ ನೋವನ್ನು ಹುಟ್ಟಿಸಿ ಸಿದ್ಧಾಂತವನ್ನು ಸ್ಥಾಪಿಸಿದ ಈ ಪ್ರಯೋಗಕ್ಕೆ ಇಂದಿನ ನೀತಿಸಮಿತಿಗಳು ಒಪ್ಪಿಗೆ ಕೊಡುತ್ತಿದ್ದುವೇ ಎಂಬುದು ಸಂಶಯ. ಅದಂತಿರಲಿ; ಪ್ರತಿಕಾಯಗಳ ಗಂಟು ಕೀಲಿನಲ್ಲಿ ನಿಷ್ಕ್ರಿಯವಲ್ಲವೆಂಬುದು ಇದರಿಂದ ನಿಸ್ಸಂದೇಹವಾಗಿ ತಿಳಿಯಿತು.

ಇದಕ್ಕೆ ಒಂದು ವರ್ಷ ಮೊದಲೇ, ೧೯೬೪ರಲ್ಲಿ, ಥಾಮಸ್ ಪೆಕಿನ್ ಮತ್ತು ನೇತನ್ ಜ್ವೈಫ್ಲರ್ ಬೇರೊಂದು ದಾರಿಯಿಂದ ಇದೇ ಸ್ಥಳಕ್ಕೆ ಬಂದಿದ್ದರು. ಪ್ರತಿಕಾಯಗಳು ತಮ್ಮ ಗುರಿಯನ್ನು ಹಿಡಿದಾಗ ವ್ಯಯವಾಗುವ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನ್ ಸಮೂಹವು ರೂಮಟಾಯ್ಡ್ ಸಂಧಿದ್ರವದಲ್ಲಿ ಕುಗ್ಗಿರುವುದನ್ನು ಅವರು ಅಳೆದು ತೋರಿಸಿದರು. ರಕ್ತದಲ್ಲಿ ಅದು ಸಮೃದ್ಧವಾಗಿದ್ದು ಕೀಲಿನಲ್ಲಿ ಮಾತ್ರ ಬರಿದಾಗಿರುವುದೆಂದರೆ, ಖರ್ಚು ನಡೆಯುತ್ತಿರುವುದು ಅಲ್ಲಿಯೇ ಎಂದರ್ಥ. ನಮ್ಮ ದೃಷ್ಟಿಯಲ್ಲಿ ಈ ಚಿಕ್ಕ ಅಳತೆಯು ಇಡೀ ಇತಿಹಾಸದ ಒಂದು ತಿರುವು. ಅಲ್ಲಿಯವರೆಗೆ ಸಂಧಿದ್ರವವೆಂದರೆ ರಕ್ತದ ಸೋಸುವಿಕೆ. ಅಂದಿನಿಂದ ಅದು ತನ್ನದೇ ವ್ಯಾಪಾರವುಳ್ಳ ಪ್ರತ್ಯೇಕ ಪ್ರಾಂತ. ೧೯೬೮ರಲ್ಲಿ ಮಾರಿಸ್ ಜ಼ಿಫ್ ಮತ್ತು ಸಂಗಡಿಗರು ಸಂಧಿಪೊರೆಯ ತುಣುಕುಗಳು ಗಾಜಿನ ಪಾತ್ರೆಯಲ್ಲಿಯೇ ಪ್ರತಿಕಾಯಗಳನ್ನು ತಯಾರಿಸುವುದನ್ನು ತೋರಿಸಿದ ಮೇಲೆ ಈ ಪ್ರಾಂತಕ್ಕೆ ತನ್ನದೇ ಕಾರ್ಖಾನೆಯೂ ಇದೆಯೆಂದಾಯಿತು.

ಆದರೂ ಪ್ರತಿಕಾಯಗಳ ಸಿದ್ಧಾಂತದಲ್ಲಿ ಬಿರುಕುಗಳಿದ್ದುವು. ರೂಮಟಾಯ್ಡ್ ಫ್ಯಾಕ್ಟರ್ ಇಲ್ಲದ ರೋಗಿಗಳಿದ್ದರು. ಹುಟ್ಟಿನಿಂದಲೇ ಪ್ರತಿಕಾಯಗಳನ್ನು ತಯಾರಿಸಲಾರದ ಜನರಲ್ಲಿಯೂ ಈ ರೋಗವನ್ನು ಹೋಲುವ ಸಂಧಿವಾತ ಕಾಣಿಸಿಕೊಳ್ಳುತ್ತಿತ್ತು. ಮತ್ತೊಂದು ತೊಡಕು ಸ್ಥಳದ್ದು. ದ್ರವದಲ್ಲಿ ನೆರೆಯುವವು ನ್ಯೂಟ್ರೋಫಿಲ್‌ಗಳು. ಪೊರೆಯಲ್ಲಿ ತುಂಬಿರುವವು ಲಿಂಫೋಸೈಟುಗಳೂ ಮ್ಯಾಕ್ರೊಫೇಜುಗಳೂ. ೩೦ ಮಿಲಿಲೀಟರಿನಷ್ಟು ದ್ರವದಲ್ಲಿ ದಿನವೊಂದಕ್ಕೆ ನೂರು ಕೋಟಿಗೂ ಮೀರಿ ನ್ಯೂಟ್ರೋಫಿಲ್‌ಗಳು ಬಂದು ಅಳಿಯುತ್ತವೆಂದು ೧೯೬೦ರ ದಶಕದಲ್ಲಿಯೇ ಲೆಕ್ಕ ಹಾಕಿದ್ದರು. ಬಾಗಿಲಲ್ಲಿ ಒಂದು ಜಾತ್ರೆ, ನಡುಮನೆಯಲ್ಲಿ ಮತ್ತೊಂದು ಜಾತ್ರೆ; ಯಾವುದನ್ನು ನೋಡಿ ಮನೆಯ ಸ್ಥಿತಿಯನ್ನು ಹೇಳುವುದು?

ಇಲ್ಲಿ ನಾವು ಬದಿಗಿರಿಸಿದ ಅರ್ಧಕ್ಕೆ ಬರುತ್ತೇವೆ. ೧೯೭೧ರಲ್ಲಿ ಡಾರ್ಜಿಂಕೀವಿಚ್ ಮತ್ತು ಎಂಡ್ರೆ ಬಲಾಜ್ ಎಂಬವರು ಹಯಲುರಾನಿಕ್ ಆಮ್ಲವು ಲಿಂಫೋಸೈಟುಗಳ ಉದ್ದೀಪನವನ್ನು ಅಡಗಿಸುತ್ತದೆಂದು ತೋರಿಸಿದರು. ೧೯೮೦ರಲ್ಲಿ ಫಾರೆಸ್ಟರ್ ಮತ್ತು ಬಲಾಜ್, ಈ ಆಮ್ಲದ ದೀರ್ಘ ಸರಪಳಿಗಳು ಮ್ಯಾಕ್ರೊಫೇಜುಗಳ ಭಕ್ಷಣಕಾರ್ಯವನ್ನು ತಡೆಯುತ್ತವೆಂದೂ ಸರಪಳಿಯು ಗಿಡ್ಡವಾದಂತೆ ಆ ಶಕ್ತಿ ಕುಂದುತ್ತದೆಂದೂ ತೋರಿಸಿದರು. ಎಂದರೆ, ಕೀಲೆಣ್ಣೆಯೆಂದು ಶತಮಾನಗಳ ಕಾಲ ಭಾವಿಸಿದ್ದ ಪದಾರ್ಥವು ರಕ್ಷಕ ಕಣಗಳಿಗೆ ಹಾಕಿದ ಕಡಿವಾಣವೂ ಆಗಿದ್ದಿತು! ಆರೋಗ್ಯದ ಕೀಲಿನಲ್ಲಿ ಕಣಗಳು ಬಂದರೂ ಸುಮ್ಮನಿರಲು ಇದೂ ಒಂದು ಕಾರಣವಾಗಿರಬಹುದು. ೧೯೬೭ರಲ್ಲಿಯೇ ಬಲಾಜ್ ಮತ್ತು ಸಂಗಡಿಗರು ರೋಗದ ದ್ರವದಲ್ಲಿ ಈ ಸರಪಳಿಗಳು ಮೊಟಕಾಗಿರುವುದನ್ನು ಅಳೆದಿದ್ದರು. ೧೯೭೪ರಲ್ಲಿ ಜೋ ಮೆಕಾರ್ಡ್, ಕೆರಳಿದ ಬಿಳಿಯ ಕಣಗಳು ಚೆಲ್ಲುವ ಉಗ್ರ ಆಮ್ಲಜನಕಾಂಶಗಳು ದ್ರವದ ಜಿಡ್ಡನ್ನು ಒಡೆಯುತ್ತವೆಂದೂ, ಆ ಅಂಶಗಳನ್ನು ಶಮನಗೊಳಿಸುವ ಕಿಣ್ವವನ್ನು ಬೆರೆಸಿದರೆ ಜಿಡ್ಡು ಉಳಿಯುತ್ತದೆಂದೂ ಪ್ರಯೋಗದಿಂದ ತೋರಿಸಿದನು. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಚಕ್ರವು ಕಾಣುತ್ತದೆ. ಕಣಗಳು ಕೆರಳುತ್ತವೆ, ಕೆರಳಿ ಕಡಿವಾಣವನ್ನು ಕಡಿಯುತ್ತವೆ, ಕಡಿವಾಣ ತುಂಡಾದುದರಿಂದ ಇನ್ನಷ್ಟು ಕೆರಳುತ್ತವೆ. ಬಿಡಿಬಿಡಿಯಾದ ಈ ಸಂಗತಿಗಳನ್ನು ಒಂದು ಸಿದ್ಧಾಂತವಾಗಿ ಹೆಣೆಯುವ ಪ್ರಯತ್ನಗಳು ಅಂದು ಹೆಚ್ಚಿನ ಪ್ರಚಾರವನ್ನು ಪಡೆಯಲಿಲ್ಲ. ಜಿಡ್ಡನ್ನು ಬಲ್ಲವರು ಜೀವರಸಾಯನದವರು. ಕಣಗಳನ್ನು ಬಲ್ಲವರು ರಕ್ಷಣಾಶಾಸ್ತ್ರದವರು. ಎರಡನೆಯ ಪಂಗಡದವರಿಗೆ ಜಿಡ್ಡೆಂದರೆ ಅಳತೆಗೆ ಅಡ್ಡಬರುವ ಕಾಟ. ಪರೀಕ್ಷೆಗೆ ಮುನ್ನ ಹಯಲುರಾನಿಡೇಸ್ ಕಿಣ್ವದಿಂದ ಅದನ್ನು ಕರಗಿಸಿ ಕಳೆಯುವುದೇ ವಾಡಿಕೆಯಾಯಿತು.

ಅದೇ ದಶಕದಲ್ಲಿ ಕೆರಳಿಸುವ ಪಕ್ಷಕ್ಕೆ ಆಧಾರಗಳು ರಾಶಿಯಾದುವು. ೧೯೬೯ರಲ್ಲಿ ಹ್ಯಾರಿಸ್, ಡಿಬೋನ ಮತ್ತು ಕ್ರೇನ್ ಸಂಧಿದ್ರವದಲ್ಲಿ ಕೊಲಾಜನನ್ನು ಕತ್ತರಿಸುವ ಕಿಣ್ವವನ್ನು ಕಂಡಿದ್ದರು. ೧೯೭೫ರಲ್ಲಿ ಪೀಟರ್ ಸ್ಟಾಸ್ಟ್‌ನಿ, ಜ಼ಿಫ್ ಮೊದಲಾದವರು ಲಿಂಫೋಸೈಟುಗಳು ಸ್ರವಿಸುವ ಸಂದೇಶಪದಾರ್ಥಗಳ ಚಟುವಟಿಕೆಯನ್ನು ರೂಮಟಾಯ್ಡ್ ಕೀಲುಗಳ ದ್ರವದಲ್ಲಿ ತೋರಿಸಿದರು. ೧೯೭೭ರಲ್ಲಿ ಡೇಯರ್, ರಸೆಲ್ ಮತ್ತು ಕ್ರೇನ್, ರಕ್ತದ ಏಕಕೇಂದ್ರ ಕಣಗಳಿಂದ ಹೊರಟ ‘ಅಂಶ’ವೊಂದು ಸಂಧಿಪೊರೆಯ ಕಣಗಳನ್ನು ಕಿಣ್ವೋತ್ಪಾದನೆಗೆ ತೊಡಗಿಸುವುದೆಂದು ವರದಿ ಮಾಡಿದರು, ಮುಂದೆ ಇಂಟರ್‌ಲ್ಯೂಕಿನ್-೧ ಎಂದು ಹೆಸರಾದದ್ದು ಈ ಬಗೆಯ ಅಂಶವೇ. ೧೯೮೨ರಲ್ಲಿ ಫೊಂಟಾನ ಮತ್ತು ಸಂಗಡಿಗರು ಇಂಟರ್‌ಲ್ಯೂಕಿನ್-೧ರ ಚಟುವಟಿಕೆಯನ್ನು ಸಂಧಿದ್ರವದಲ್ಲಿಯೇ ಕಂಡರು.

ಆ ಕಾಲದ ಅಳತೆಯ ಕ್ರಮವನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿದಿರಬೇಕು; ಇಲ್ಲವಾದರೆ ಅಂದಿನ ಪರಸ್ಪರ ವಿರುದ್ಧವಾದ ವರದಿಗಳು ಅರ್ಥವಾಗುವುದಿಲ್ಲ. ಇಂಟರ್‌ಲ್ಯೂಕಿನನ್ನು ಅಳೆಯಲು ಆಗ ತೂಕದ ಮಾನವಿರಲಿಲ್ಲ. ಇಲಿಯ ಥೈಮಸ್ ಗ್ರಂಥಿಯ ಕಣಗಳಿಗೆ ದ್ರವವನ್ನು ಬೆರೆಸಿ ಅವು ಎಷ್ಟು ವೃದ್ಧಿಯಾಗುತ್ತವೆಂದು ನೋಡುತ್ತಿದ್ದರು. ದ್ರವದಲ್ಲಿ ವೃದ್ಧಿಯನ್ನು ತಡೆಯುವ ಪದಾರ್ಥವೂ ಇದ್ದರೆ, ಪ್ರೇರಕವು ಎಷ್ಟೇ ಇದ್ದರೂ ಉತ್ತರ ‘ಇಲ್ಲ’ವೆಂದೇ ಬರುತ್ತಿತ್ತು. ಆದುದರಿಂದ ಪ್ರೇರಕವನ್ನು ಕಾಣಬೇಕಾದರೆ ತಡೆಯನ್ನು ಬೇರ್ಪಡಿಸಿ ಎಸೆಯಬೇಕಾಗಿದ್ದಿತು. ೧೯೮೬ರಲ್ಲಿ ಮಾರ್ಟಿನ್ ಲೋಟ್ಸ್ ಮತ್ತು ಸಂಗಡಿಗರು ಎಸೆಯುವುದನ್ನೇ ಎತ್ತಿಕೊಂಡು ನೋಡಿದರು. ಸಂಧಿದ್ರವದ ಲಿಂಫೋಸೈಟುಗಳು ಉದ್ದೀಪನಕ್ಕೆ ಮಂದವಾಗಿ ಓಗೊಡುವುದೇಕೆಂದು ವಿಚಾರಿಸುತ್ತ, ಇಂಟರ್‌ಲ್ಯೂಕಿನ್-೧ರ ಕಾರ್ಯಕ್ಕೆ ಅಡ್ಡಬರುವ ಅಂಶವೊಂದು ಅದೇ ದ್ರವದಲ್ಲಿರುವುದನ್ನು ಗುರುತಿಸಿದರು. ಉತ್ತೇಜಕವೂ ಅದರ ಪ್ರತಿಬಂಧಕವೂ ಒಂದೇ ಪಾತ್ರೆಯಲ್ಲಿ! ಇದು ಅಪವಾದವಲ್ಲ, ನಿಯಮ ಎಂಬುದು ಬೇಗನೆ ತಿಳಿದುಬಂತು. ೧೯೯೨ರಲ್ಲಿ ಆಂಡ್ರೂ ಕೋಪ್ ಮತ್ತು ಸಂಗಡಿಗರು, ಟಿಎನ್‌ಎಫ್ ಎಂಬ ಸೈಟೊಕೈನನ್ನು ಹಿಡಿದು ನಿಷ್ಕ್ರಿಯಗೊಳಿಸುವ ಗ್ರಾಹಕಗಳು ಕಣಗಳಿಂದ ಕಳಚಿಕೊಂಡು ಸಂಧಿದ್ರವದಲ್ಲಿ ಹೆಚ್ಚು ಪ್ರಮಾಣದಲ್ಲಿ ತೇಲುತ್ತಿರುವುದನ್ನು ತೋರಿಸಿದರು.

ಇಷ್ಟರಲ್ಲಿ ಟಿ-ಲಿಂಫೋಸೈಟುಗಳನ್ನು ಕುರಿತ ವಿವಾದ ಎದ್ದಿತ್ತು. ಈ ಕಣಗಳೇ ರೋಗದ ಸೂತ್ರಧಾರರೆಂಬ ನಂಬುಗೆ ೧೯೮೦ರ ದಶಕದಲ್ಲಿ ಪ್ರಬಲವಾಗಿದ್ದಿತು. ಆದರೆ ೧೯೮೮ರಲ್ಲಿ ಗ್ಯಾರಿ ಫೈರ್‌ಸ್ಟೀನ್, ಜ್ವೈಫ್ಲರ್ ಮುಂತಾದವರು ರೂಮಟಾಯ್ಡ್ ಕೀಲಿನಲ್ಲಿ ಟಿ-ಕಣಗಳ ಪ್ರಮುಖ ಸ್ರಾವವಾದ ಇಂಟರ್‌ಲ್ಯೂಕಿನ್-೨ನ್ನು ಹುಡುಕಿ ಕಾಣದೆ ಹೋದರು. ಮ್ಯಾಕ್ರೊಫೇಜುಗಳಿಗೆ ಸಂಬಂಧಿಸಿದ ಪದಾರ್ಥಗಳಾದರೋ ಯಥೇಚ್ಛವಾಗಿ ದೊರೆತುವು. ದ್ರವದಲ್ಲಿ ತೇಲುವ ಟಿ-ಕಣಗಳು ಪ್ರಚೋದನೆಗೊಂಡ ಗುರುತುಗಳನ್ನು ಮೈಮೇಲೆ ಹೊತ್ತಿದ್ದರೂ ಕೆಲಸದಲ್ಲಿ ಆಲಸಿಗಳಾಗಿದ್ದುವು. ೧೯೯೦ರಲ್ಲಿ ಅವರಿಬ್ಬರೂ, ದೀರ್ಘಕಾಲದ ರೋಗದಲ್ಲಿ ಟಿ-ಕಣಗಳಿಗೆ ಅಷ್ಟೊಂದು ಪ್ರಾಮುಖ್ಯವುಂಟೇ ಎಂದು ನೇರವಾಗಿಯೇ ಪ್ರಶ್ನಿಸಿದರು. ಜ್ವೈಫ್ಲರ್ ೧೯೬೪ರಲ್ಲಿ ಕಾಂಪ್ಲಿಮೆಂಟ್ ಅಳೆದವನೇ ಎಂಬುದನ್ನು ಇಲ್ಲಿ ನೆನೆಯಬೇಕು. ಹಿಂದಿನ ಸಲ ದ್ರವದಲ್ಲಿ ಒಂದು ವಸ್ತು ಇಲ್ಲವಾಗಿರುವುದನ್ನು ಕಂಡು, ಅದು ಖರ್ಚಾಗಿದೆಯೆಂದು ಅರ್ಥ ಮಾಡಲಾಗಿತ್ತು. ಈ ಸಲ ಬೇರೊಂದು ವಸ್ತುವಿಲ್ಲವೆಂದು ಕಂಡು, ತಯಾರಿಸುವವರೇ ಸುಮ್ಮನಿದ್ದಾರೆಂದು ಅರ್ಥ ಮಾಡಲಾಯಿತು. ಎರಡು ತೀರ್ಮಾನಗಳಿಗೂ ಅವುಗಳದೇ ಆಧಾರಗಳಿದ್ದುವೆಂಬುದು ನಿಜ. ಆದರೂ ದ್ರವದಲ್ಲಿನ ಅಭಾವಕ್ಕೆ ತಾನಾಗಿ ಒಂದೇ ಅರ್ಥವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ಪ್ರಮಾಣವೂ ಅಷ್ಟೇ ಮೋಸಗೊಳಿಸುತ್ತದೆ. ೧೯೮೮ರಲ್ಲಿ ಜಪಾನಿನ ಹಿರಾನೊ ಮತ್ತು ಸಂಗಡಿಗರು ಸಂಧಿದ್ರವದಲ್ಲಿ ಇಂಟರ್‌ಲ್ಯೂಕಿನ್-೬ ಬಹಳ ಹೇರಳವಾಗಿರುವುದನ್ನು ವರದಿ ಮಾಡಿದರು. ಟಿಎನ್‌ಎಫ್ ಅಲ್ಲಿ ಅಷ್ಟೇನೂ ಎದ್ದು ಕಾಣುತ್ತಿರಲಿಲ್ಲ. ಕೆಲವು ರೋಗಿಗಳ ದ್ರವದಲ್ಲಿ ಮಾತ್ರ ಸಿಕ್ಕುತ್ತಿತ್ತು. ದ್ರವದ ಪಟ್ಟಿಯನ್ನೇ ನಂಬಿದ್ದರೆ ಟಿಎನ್‌ಎಫನ್ನು ಯಾರೂ ಮುಂದಿನ ಸಾಲಿಗೆ ತರುತ್ತಿರಲಿಲ್ಲವೆಂದು ತೋರುತ್ತದೆ. ಲಂಡನ್ನಿನಲ್ಲಿ ಫಿಯೋನುಲ ಬ್ರೆನನ್, ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ (ಇವರು ಹುಟ್ಟಿದುದು ಪಂಜಾಬಿನ ಲೂಧಿಯಾನದಲ್ಲಿ) ಮೊದಲಾದವರು ದ್ರವವನ್ನು ಬಿಟ್ಟು ಸಂಧಿಪೊರೆಯ ಕಣಗಳನ್ನು ಪಾತ್ರೆಯಲ್ಲಿ ಬೆಳೆಸಿದರು. ಆ ಪಾತ್ರೆಗೆ ಟಿಎನ್‌ಎಫ್ ವಿರೋಧಿ ಪ್ರತಿಕಾಯವನ್ನು ಬೆರೆಸಿದಾಗ ಇಂಟರ್‌ಲ್ಯೂಕಿನ್-೧ರ ಉತ್ಪಾದನೆಯೂ ಇಳಿಯಿತೆಂದು ೧೯೮೯ರಲ್ಲಿ ಪ್ರಕಟವಾಯಿತು. ಅಂಶಗಳು ಅಕ್ಕಪಕ್ಕದಲ್ಲಿ ಸಮಾನವಾಗಿ ನಿಂತಿಲ್ಲ, ಮೇಲುಕೆಳಗಾಗಿ ನಿಂತಿವೆ ಎಂಬುದು ಇದರ ತಾತ್ಪರ್ಯ. ೧೯೯೨ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ೨೦ ಮಂದಿ ರೋಗಿಗಳಿಗೆ ಈ ಪ್ರತಿಕಾಯವನ್ನು ಕೊಟ್ಟು ನೋಡಿದುದೂ, ೧೯೯೩ರಲ್ಲಿ ಫಲಿತಾಂಶ ಹೊರಬಂದುದೂ, ೧೯೯೮-೯೯ರ ಹೊತ್ತಿಗೆ ಈ ಜಾತಿಯ ಔಷಧಗಳು ಅಮೆರಿಕದಲ್ಲಿ ಅನುಮತಿ ಪಡೆದುದೂ ಪ್ರಸಿದ್ಧ ಸಂಗತಿಗಳು. ದ್ರವದಲ್ಲಿ ಮೊದಲು ಸಿಕ್ಕಿದ ಇಂಟರ್‌ಲ್ಯೂಕಿನ್-೧ನ್ನು ತಡೆಯುವ ಅನಕಿನ್ರ ೨೦೦೧ರಲ್ಲಿ ಬಂದಿತು. ಈ ರೋಗದಲ್ಲಿ ಅದರ ಗುಣ ಸಾಧಾರಣವಾದುದೇ ಆಯಿತು. ಹೇರಳವಾಗಿ ಸಿಕ್ಕಿದ ಇಂಟರ್‌ಲ್ಯೂಕಿನ್-೬ರ ಗ್ರಾಹಕವನ್ನು ತಡೆಯುವ ಟೊಸಿಲಿಜುಮಾಬ್ ೨೦೦೮ರಲ್ಲಿ ಜಪಾನಿನಲ್ಲಿ ಈ ರೋಗಕ್ಕೆ ಅನುಮತಿ ಪಡೆದು ಚೆನ್ನಾಗಿಯೇ ಕೆಲಸ ಮಾಡಿತು. ಸಂಧಿದ್ರವದಲ್ಲಿ ಯಾವುದು ಮೊದಲು ಕಂಡಿತು, ಯಾವುದು ಹೆಚ್ಚಾಗಿ ಕಂಡಿತು ಎಂಬುದರಿಂದ ಯಾವುದು ರೋಗಿಗೆ ಮುಖ್ಯವೆಂದು ಹೇಳಲು ಬಾರದೆಂಬುದಕ್ಕೆ ಈ ಮೂರು ಔಷಧಗಳ ಚರಿತ್ರೆಯೇ ಸಾಲದೇ?

ಹಾಗೆಂದು ದ್ರವವನ್ನು ಕೈಬಿಡುವಂತಿಲ್ಲ. ಟಿ-ಕಣಗಳ ಆಲಸ್ಯಕ್ಕೆ ಕಾರಣವು ಕೊನೆಗೆ ಅಲ್ಲಿಯೇ ದೊರೆಯಿತು. ೧೯೯೪ರಲ್ಲಿ ಕೋಪ್ ಮತ್ತು ಸಂಗಡಿಗರು, ಟಿಎನ್‌ಎಫ್‌ನ ಸಂಪರ್ಕದಲ್ಲಿ ಬಹುಕಾಲವಿದ್ದ ಟಿ-ಕಣಗಳು ಮಂದವಾಗುತ್ತವೆಂದು ತೋರಿಸಿದರು. ಉರಿಯೂತವನ್ನು ಹೊತ್ತಿಸುವ ಪದಾರ್ಥವೇ ಕಾಲಾಂತರದಲ್ಲಿ ಈ ಕಣಗಳನ್ನು ಮಂಕುಗೊಳಿಸುತ್ತದೆಂದಾಯಿತು. ೧೯೯೭ರಲ್ಲಿ ಮಾರಿಸ್ ಎಂಬವರೂ ಸಂಗಡಿಗರೂ ಸಂಧಿದ್ರವದ ಟಿ-ಕಣಗಳೊಳಗೆ ಉತ್ಕರ್ಷಣದ ಸಮತೋಲ ತಪ್ಪಿರುವುದನ್ನೂ, ಅದೇ ಈ ಮಂದತೆಗೆ ಸಂಬಂಧಿಸಿರುವುದನ್ನೂ ತಿಳಿಸಿದರು. ೧೯೯೯ರಲ್ಲಿ ಬರ್ಮಿಂಗ್‌ಹ್ಯಾಮಿನ ಪಿಲ್ಲಿಂಗ್, ಸಾಲ್ಮನ್ ಮೊದಲಾದವರು ಸಂಧಿಪೊರೆಯ ಆಧಾರಕಣಗಳು ಸ್ರವಿಸುವ ಬೀಟಾ ಇಂಟರ್‌ಫೆರಾನ್ ಈ ಟಿ-ಕಣಗಳನ್ನು ಸಾವಿನಿಂದ ಪಾರುಮಾಡುತ್ತದೆಂದರು. ಎಂದರೆ ಇವು ವೃದ್ಧಿಯಾಗುವುದೂ ಇಲ್ಲ, ಸಾಯುವುದೂ ಇಲ್ಲ. ಮಂದವಾದುವೆಂದ ಮಾತ್ರಕ್ಕೆ ನಿರುಪದ್ರವಿಗಳೆನ್ನಲೂ ಬಾರದು. ಟಿ-ಕಣಗಳ ಉದ್ದೀಪನವನ್ನು ತಡೆಯುವ ಅಬಟಾಸೆಪ್ಟ್ ೨೦೦೫ರಲ್ಲಿ ಅನುಮತಿ ಪಡೆದು ರೋಗಿಗಳಿಗೆ ಗುಣ ತೋರಿತು. ದ್ರವದಿಂದ ತೆಗೆದ ಕಣಗಳ ನಡತೆಯನ್ನು ನೋಡಿ ೧೯೯೦ರಲ್ಲಿ ಎತ್ತಿದ ಪ್ರಶ್ನೆಗೆ ಹೀಗೆ ಹದಿನೈದು ವರ್ಷಗಳ ಮೇಲೆ ರೋಗಿಗಳ ದೇಹವೇ ಉತ್ತರವಿತ್ತಿತೆನ್ನಬಹುದು.

ಪ್ರಯೋಗಪದ್ಧತಿಯ ಬಗ್ಗೆ ಎರಡು ಮಾತುಗಳನ್ನು ಇಲ್ಲಿ ಆಡಲೇಬೇಕು. ೧೯೭೦ರಲ್ಲಿ ಲುಂಡ್-ಓಲೆಸನ್ ಸಂಧಿದ್ರವದ ಆಮ್ಲಜ಼ನಕದ ಒತ್ತಡವನ್ನು ಅಳೆದಾಗ, ರೂಮಟಾಯ್ಡ್ ಕೀಲುಗಳಲ್ಲಿ ಅದು ಸರಾಸರಿ ೨೭ ಮಿಲಿಮೀಟರುಗಳಷ್ಟಿತ್ತು. ಪೆಟ್ಟುಬಿದ್ದು ದ್ರವ ತುಂಬಿದ, ಬೇರೆ ರೋಗವಿಲ್ಲದ ಕೀಲುಗಳಲ್ಲಿ ೬೩ರಷ್ಟಿತ್ತು. ಅದೇ ವರ್ಷ ಫಾಲ್ಚುಕ್ ಮತ್ತು ಸಂಗಡಿಗರೂ ರೋಗದ ದ್ರವದಲ್ಲಿ ಆಮ್ಲಜನಕದ ಕೊರತೆಯನ್ನೂ ಆಮ್ಲತೆಯ ಹೆಚ್ಚಳವನ್ನೂ ಕಂಡರು. ಪ್ರಯೋಗಶಾಲೆಯ ಶಾಖಪೆಟ್ಟಿಗೆಯಲ್ಲಾದರೋ ಕಣಗಳು ಹೊರಗಿನ ಗಾಳಿಯನ್ನೇ ಉಸಿರಾಡುತ್ತವೆ. ಅಲ್ಲಿನ ಒತ್ತಡ ೧೫೦ರ ಆಸುಪಾಸು. ಈ ಅಳತೆಗಳು ತಿಳಿದ ಮೇಲೆಯೂ ದಶಕಗಳ ಕಾಲ ಸಂಧಿದ್ರವದ ಕಣಗಳನ್ನು ಇಂತಹ ಪೆಟ್ಟಿಗೆಗಳಲ್ಲಿಯೇ ಪರೀಕ್ಷಿಸಲಾಯಿತು. ನ್ಯೂಟ್ರೋಫಿಲ್‌ಗಳ ಆಯುಸ್ಸನ್ನು ರೋಗದ ದ್ರವವು ಹೆಚ್ಚಿಸುವುದೋ ಕುಗ್ಗಿಸುವುದೋ ಎಂಬ ಬಗ್ಗೆ ವರದಿಗಳು ಹೊಂದದಿದ್ದುದಕ್ಕೆ ಇದೂ ಒಂದು ಕಾರಣ. ೨೦೦೬ರಲ್ಲಿ ಲಿವರ್‌ಪೂಲಿನ ಕ್ರಾಸ್ ಮತ್ತು ಸಂಗಡಿಗರು, ದ್ರವದಲ್ಲಿ ಎರಡು ಬಗೆಯ ಅಂಶಗಳೂ ಇರುವುದನ್ನೂ ಆಮ್ಲಜನಕ ಕಡಮೆಯಾದಾಗ ಕಣಗಳ ಆಯುಸ್ಸು ಹೆಚ್ಚುವುದನ್ನೂ ತೋರಿಸಿದರು. ಇನ್ನು ಎರಡನೆಯ ಮಾತು: ಪ್ರತಿಕಾಯಗಳ ಜೋಡಿಯಿಂದ ಸೈಟೊಕೈನ್‌ಗಳನ್ನು ಅಳೆಯುವ ಈಚಿನ ಪರೀಕ್ಷೆಗಳಲ್ಲಿ ರೂಮಟಾಯ್ಡ್ ಫ್ಯಾಕ್ಟರ್ ತಾನೇ ಆ ಜೋಡಿಯ ನಡುವೆ ಸೇತುವೆಯಾಗಿ ನಿಂತು, ಇಲ್ಲದ ಪದಾರ್ಥವನ್ನು ಇದೆಯೆಂದು ತೋರಿಸಬಲ್ಲದು. ವಾಲರ್ ೧೯೪೦ರಲ್ಲಿ ಕಂಡ ವಸ್ತುವೇ ಹೀಗೆ ಇಂದಿನ ಸಂಶೋಧಕರ ಅಳತೆಗೋಲಿಗೆ ಬಂದು ಅಂಟಿಕೊಂಡಿದೆ. ಇದನ್ನು ನಿವಾರಿಸಿದ್ದಾರೆಯೇ ಎಂದು ನೋಡದೆ ಯಾವ ಪ್ರಬಂಧದ ಅಂಕಿಗಳನ್ನೂ ವಿದ್ಯಾರ್ಥಿಗಳು ನಂಬಬಾರದು.

ಹೊಸ ಶತಮಾನದಲ್ಲಿ ಹಳೆಯ ವಿರೋಧಾಭಾಸವು ಹೊಸ ವೇಷದಲ್ಲಿ ಮರಳಿತು. ಉಳಿದ ಲಿಂಫೋಸೈಟುಗಳನ್ನು ಹದ್ದಿನಲ್ಲಿಡುವ ‘ನಿಯಂತ್ರಕ ಟಿ-ಕಣ’ಗಳು ರೋಗಿಗಳ ಕೀಲಿನಲ್ಲಿ ಕೊರತೆಯಾಗಿರಬೇಕೆಂದು ಎಣಿಸುವುದು ಸಹಜವಷ್ಟೆ. ಸ್ವೀಡನ್ನಿನ ಕಾವೋ ಮತ್ತು ಮಾಲ್ಮ್‌ಸ್ಟ್ರೋಮ್ ಮೊದಲಾದವರು ೨೦೦೩-೦೪ರಲ್ಲಿಯೂ, ನೆದರ್ಲೆಂಡ್ಸಿನ ವಾನ್ ಆಮೆಲ್ಸ್‌ಫೋರ್ಟ್ ಮತ್ತು ಸಂಗಡಿಗರು ೨೦೦೪ರಲ್ಲಿಯೂ ಸಂಧಿದ್ರವದಲ್ಲಿ ಹುಡುಕಿದಾಗ ಅವು ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿಯೇ ದೊರೆತುವು. ಪಾತ್ರೆಯಲ್ಲಿ ಪರೀಕ್ಷಿಸಿದಾಗ ತಮ್ಮ ಕೆಲಸವನ್ನು ಸರಿಯಾಗಿ ನಿರ್ವಹಿಸಿದುವು. ಹಾಗಿದ್ದೂ ಆ ಕೀಲುಗಳು ಉರಿಯುತ್ತಿದ್ದುವು. ೨೦೦೭ರಲ್ಲಿ ವಾನ್ ಆಮೆಲ್ಸ್‌ಫೋರ್ಟ್ ಮತ್ತು ಸಂಗಡಿಗರೇ ಇದಕ್ಕೆ ಒಂದು ಸಮಾಧಾನವನ್ನು ಸೂಚಿಸಿದರು: ಉರಿಯೂತದ ಸೈಟೊಕೈನ್‌ಗಳ ಸಮ್ಮುಖದಲ್ಲಿ ಈ ನಿಯಂತ್ರಣವು ತಲೆಕೆಳಗಾಗುತ್ತದೆ. ಅಂತಹ ಸೈಟೊಕೈನ್‌ಗಳು ಆ ಕಣಗಳು ಕೀಲಿನಲ್ಲಿ ತೇಲುತ್ತಿದ್ದ ದ್ರವದಲ್ಲಿಯೇ ಇದ್ದುವು. ಮೊದಲಿನ ಪ್ರಯೋಗಗಳಲ್ಲಾದರೋ, ಎಲ್ಲ ಪ್ರಯೋಗಶಾಲೆಗಳ ವಾಡಿಕೆಯಂತೆ, ಕಣಗಳನ್ನು ದ್ರವದಿಂದ ಬೇರ್ಪಡಿಸಿ ತೊಳೆದ ಮೇಲೆಯೇ ಪರೀಕ್ಷೆಗೆ ಇಟ್ಟಿದ್ದರು.